ವಿ-ಬೆಲ್ಟಿಗೆ ಪೇಟೆಂಟ್: ರಬ್ಬರೂ ಹಳೆಯದು, ಕಾರ್ಡೂ ಹಳೆಯದು ಎಂದಾಗ ಹೊಸತನ್ನು ತೋರಿಸುವುದು ಹೇಗೆ

ಬೆಲ್ಟಿನ ಪೇಟೆಂಟ್ ಅರ್ಜಿ ಬಹಳಷ್ಟು ಸಲ ಎಡವುವುದು ಒಂದೇ ಕಡೆ. ರಬ್ಬರು ಗೊತ್ತಿದ್ದದ್ದೇ, ಒಳಗಿನ ಕಾರ್ಡ್, ಅಂದರೆ ಎಳೆತ ಹೊರುವ ಗಟ್ಟಿ ಹುರಿ, ಗೊತ್ತಿದ್ದದ್ದೇ, ಮೇಲೆ ಸುತ್ತಿದ ಬಟ್ಟೆಯೂ ಗೊತ್ತಿದ್ದದ್ದೇ. ಇವನ್ನು ಸೇರಿಸಿದ್ದರಲ್ಲಿ ಹೊಸತೇನು ಎಂದು ಪರೀಕ್ಷಕರು ಕೇಳಿದಾಗ ಅರ್ಜಿಯೊಳಗೆ ಉತ್ತರವೇ ಇರುವುದಿಲ್ಲ. ಉತ್ತರ ಕಾರ್ಖಾನೆಯಲ್ಲಿ ಇರುತ್ತದೆ. ಬೆಲ್ಟು ಮೊದಲಿಗಿಂತ ಹೆಚ್ಚು ದಿನ ಬಾಳುತ್ತಿದೆ ಎಂದು ಎಲ್ಲರಿಗೂ ಗೊತ್ತು, ಆದರೆ ಯಾವ ಪದರ ಎಷ್ಟು ಬದಲಾಗಿದ್ದಕ್ಕೆ ಬಾಳುತ್ತಿದೆ ಎಂದು ಯಾರೂ ಅಳೆದು ಬರೆದಿಟ್ಟಿರುವುದಿಲ್ಲ.

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿ, ನಂಜನಗೂಡು ಕಡೆ ರಬ್ಬರ್ ಕೆಲಸ ಮಾಡುವ ಸಣ್ಣ ಘಟಕದವರಿಗೆ, ಮಂಡ್ಯ, ಪಾಂಡವಪುರ, ಮದ್ದೂರು ಕಡೆಯ ಆಲೆಮನೆ ಮತ್ತು ಅಕ್ಕಿ ಗಿರಣಿಗಳಿಗೆ ಬೆಲ್ಟ್ ಒದಗಿಸುವವರಿಗೆ ಉಪಯೋಗವಾಗಲಿ ಎಂದು ಈ ಬರಹ. ಮಾತು ಹಿಡಿಯಲು ಒಂದು ಉದಾಹರಣೆ ಬೇಕು. ಆಲೆಮನೆಯ ಗಾಣಕ್ಕೆ ಮೋಟಾರಿನಿಂದ ಶಕ್ತಿ ಕೊಡುವ ಬಿ ಸೆಕ್ಷನ್ನಿನ ವಿ-ಬೆಲ್ಟನ್ನೇ ತೆಗೆದುಕೊಳ್ಳೋಣ. ಕೆಳಗೆ ಹೇಳುವ ಹೊಸ ಪದರ ಕಲ್ಪಿಸಿಕೊಂಡದ್ದು. ಅಂಥದ್ದು ಈಗಾಗಲೇ ಯಾವುದೋ ಪೇಟೆಂಟಿನಲ್ಲಿ ಇದ್ದರೂ ಇರಬಹುದು. ದಾರಿ ತೋರಿಸಲು ಅಷ್ಟು ಸಾಕು.

ಮೊದಲು ಬೆಲ್ಟನ್ನು ಅಡ್ಡಕ್ಕೆ ಕತ್ತರಿಸಿ

ಹೊಸ ಬೆಲ್ಟು ಒಂದು, ಓಡಿ ಹಾಳಾದ ಬೆಲ್ಟು ಒಂದು, ಪೇಟೆಯ ಒಳ್ಳೆಯ ಬೆಲ್ಟು ಒಂದು. ಮೂರನ್ನೂ ಚೂಪಾದ ಬ್ಲೇಡಿನಿಂದ, ಬ್ಲೇಡಿಗೆ ಸ್ವಲ್ಪ ಸೋಪು ನೀರು ಹಚ್ಚಿ, ನೇರ ಅಡ್ಡಕ್ಕೆ ಕತ್ತರಿಸಿ. ಹತ್ತು ಪಟ್ಟು ದೊಡ್ಡದು ಮಾಡುವ ಕೈ ಭೂತಗನ್ನಡಿ ಸಾಕು. ಬಿ ಸೆಕ್ಷನ್ ಎಂದರೆ ಮೇಲಗಲ 17 ಮಿ.ಮೀ., ಎತ್ತರ 11 ಮಿ.ಮೀ., ಎರಡು ಪಕ್ಕಗಳ ನಡುವೆ 40 ಡಿಗ್ರಿ ಕೋನ. ಮೇಲಿನಿಂದ ಕೆಳಕ್ಕೆ ಹೀಗೆ ಕಾಣುತ್ತದೆ: ಬೆನ್ನಿನ ಬಟ್ಟೆ ಅಥವಾ ರಬ್ಬರು, ಅದರ ಕೆಳಗೆ ಕಾರ್ಡಿನ ಸಾಲು, ಕಾರ್ಡನ್ನು ಹಿಡಿದಿರುವ ಮೆತ್ತನೆಯ ಕುಷನ್ ರಬ್ಬರು, ಕೆಳಗೆ ದಪ್ಪನೆಯ ಕಂಪ್ರೆಷನ್ ರಬ್ಬರು. ಸುತ್ತು ಬಟ್ಟೆಯ ಬೆಲ್ಟಾದರೆ ಇಷ್ಟಕ್ಕೂ ಹೊರಗೆ ಒಂದು ಹೊದಿಕೆ ಇರುತ್ತದೆ. ಪಕ್ಕ ಕತ್ತರಿಸಿದ ಬೆಲ್ಟಿಗೆ, ಅಂದರೆ ರಾ ಎಡ್ಜ್ ಬೆಲ್ಟಿಗೆ, ಪಕ್ಕದಲ್ಲಿ ಹೊದಿಕೆ ಇಲ್ಲ. ರಬ್ಬರೇ ಪುಲ್ಲಿಯನ್ನು ಮುಟ್ಟುತ್ತದೆ.

ಕಂಪ್ರೆಷನ್ ರಬ್ಬರಿನ ಪಕ್ಕವನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತವೆ. ಅವು ಬೆಲ್ಟಿನ ಅಗಲಕ್ಕೆ ಮಲಗಿಸಿದ ಚಿಕ್ಕ ನಾರುಗಳ ತುದಿಗಳು. ಪುಲ್ಲಿ ಎರಡೂ ಕಡೆಯಿಂದ ಒತ್ತಿದಾಗ ಬೆಲ್ಟು ಒಳಕ್ಕೆ ಕುಸಿಯದಂತೆ ತಡೆಯುವುದು ಈ ನಾರು. ಆದರೆ ಉದ್ದಕ್ಕೆ ಬಾಗುವಾಗ ಅಡ್ಡಿಯಾಗಬಾರದು, ಅದಕ್ಕೇ ಅಗಲಕ್ಕೆ ಮಲಗಿಸುವುದು. ಮಿಕ್ಸಿಂಗ್ ಮಿಲ್ಲಿನ ರೋಲುಗಳ ಸಂದು ಬಿಗಿ ಮಾಡಿ ಎಳೆದರೆ ನಾರೆಲ್ಲ ಹಾಳೆ ಹೊರಬರುವ ದಿಕ್ಕಿಗೆ ತಿರುಗುತ್ತದೆ. ಆ ಹಾಳೆಯನ್ನು ತುಂಡು ಮಾಡಿ 90 ಡಿಗ್ರಿ ತಿರುಗಿಸಿ ಜೋಡಿಸಬೇಕು. ತಿರುಗಿಸದೆ ಹಾಗೇ ಹಾಕಿದರೆ ನಾರು ಉದ್ದಕ್ಕೆ ಕೂತು, ಬೆಲ್ಟು ಬಾಗದೆ, ಕೆಳಮೈ ಬೇಗ ಬಿರುಕು ಬಿಡುತ್ತದೆ.

ಈಗ ಹಾಳಾದ ಬೆಲ್ಟನ್ನು ನೋಡಿ. ಕಂಪ್ರೆಷನ್ ರಬ್ಬರಿನಲ್ಲಿ ಬಿರುಕಿದೆಯೇ? ಕಾರ್ಡು ಕುಷನ್ ರಬ್ಬರಿನಿಂದ ಬೇರೆಯಾಗಿದೆಯೇ? ಪಕ್ಕದ ಕೊನೆಯ ಕಾರ್ಡು ಎಳೆಯಾಗಿ ಹೊರಬಂದಿದೆಯೇ? ಪಕ್ಕ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರಿದ ಗುರುತು. ಬಹುಪಾಲು ಟೆನ್ಷನ್ ಕಡಿಮೆ ಇತ್ತು ಎಂದರ್ಥ, ಅದಕ್ಕೆ ಪೇಟೆಂಟ್ ಬೇಡ, ಸ್ಪ್ಯಾನರ್ ಸಾಕು. ಒಂದೇ ಪಕ್ಕ ಸವೆದಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಇಂಥ ಜೋಡಣೆಯ ತಪ್ಪುಗಳನ್ನೆಲ್ಲ ತೆಗೆದುಹಾಕಿದ ಮೇಲೂ ಉಳಿಯುವ ತೊಂದರೆ ಯಾವುದೋ, ಅದೇ ನಿಮ್ಮ ಆವಿಷ್ಕಾರ ಬಿಡಿಸುವ ಸಮಸ್ಯೆ. ನಮ್ಮ ಉದಾಹರಣೆಯಲ್ಲಿ ಅದು ಅಂಚಿನ ಕಾರ್ಡು ಹೊರಬರುವುದು. ಗಾಣಕ್ಕೆ ಕಬ್ಬಿನ ದಪ್ಪ ಕಟ್ಟು ಒಟ್ಟಿಗೆ ನುಗ್ಗಿದಾಗ ಭಾರ ಸರಕ್ಕನೆ ಏರುತ್ತದೆ. ಗಟ್ಟಿಯಾದ ಕಂಪ್ರೆಷನ್ ರಬ್ಬರಿಗೂ ಮೆತ್ತನೆಯ ಕುಷನ್ ರಬ್ಬರಿಗೂ ನಡುವಿನ ಗೆರೆಯಲ್ಲಿ ಕತ್ತರಿಯ ಒತ್ತಡ, ಅಂದರೆ ಪದರಗಳನ್ನು ಒಂದರ ಮೇಲೊಂದು ಜಾರಿಸುವ ಒತ್ತಡ, ಸೇರಿಕೊಂಡು ಅಂಚಿನಿಂದ ಬಿಡಲು ಶುರುವಾಗುತ್ತದೆ.

ಇದು ಎಷ್ಟು ಸಲ ಆಗುತ್ತದೆ ಎಂಬ ಲೆಕ್ಕವನ್ನೂ ಇಟ್ಟುಕೊಳ್ಳಿ. 150 ಮಿ.ಮೀ. ಪುಲ್ಲಿ 1440 ಆರ್‌ಪಿಎಂ ತಿರುಗಿದರೆ ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 11.3 ಮೀಟರ್. ಬೆಲ್ಟಿನ ಉದ್ದ 2 ಮೀಟರ್, ಪುಲ್ಲಿ ಎರಡು ಎಂದರೆ ಬೆಲ್ಟಿನ ಪ್ರತಿ ಜಾಗವೂ ಗಂಟೆಗೆ 40 ಸಾವಿರಕ್ಕಿಂತ ಹೆಚ್ಚು ಸಲ ಬಾಗುತ್ತದೆ. 200 ಗಂಟೆಗೆ 81 ಲಕ್ಷ ಸಲ. ಕೈಯಲ್ಲಿ ಎಳೆದು ನೋಡಿ ಗಟ್ಟಿ ಇದೆ ಎನ್ನುವುದಕ್ಕೂ ಈ ಸಂಖ್ಯೆಗೂ ಸಂಬಂಧವೇ ಇಲ್ಲ.

ಕಾನೂನಿನ ಜರಡಿ

1970ರ ಪೇಟೆಂಟ್ ಕಾಯ್ದೆ ಕೇಳುವುದು ಮೂರು: ಹೊಸತಾಗಿರಬೇಕು, ಆವಿಷ್ಕಾರದ ಹೆಜ್ಜೆ ಇರಬೇಕು, ಉದ್ಯಮದಲ್ಲಿ ಬಳಕೆಗೆ ಬರಬೇಕು. ಮೂರನೆಯದು ಬೆಲ್ಟಿಗೆ ತೊಂದರೆಯೇ ಅಲ್ಲ. ಮೊದಲನೆಯದನ್ನು ದಾಟುವುದೂ ಅಷ್ಟೇನೂ ಕಷ್ಟವಲ್ಲ, ಏಕೆಂದರೆ ನಿಮ್ಮ ಬೆಲ್ಟಿನ ಎಲ್ಲ ಅಂಶಗಳೂ ಒಂದೇ ಹಳೆಯ ದಾಖಲೆಯಲ್ಲಿ ಒಟ್ಟಿಗೆ ಇದ್ದರೆ ಮಾತ್ರ ಹೊಸತನ ಹೋಗುತ್ತದೆ. ಪೆಟ್ಟು ಬೀಳುವುದು ಎರಡನೆಯದರಲ್ಲಿ. ಇದ್ದ ಜ್ಞಾನಕ್ಕಿಂತ ತಾಂತ್ರಿಕವಾಗಿ ಮುಂದಿರಬೇಕು ಅಥವಾ ಆರ್ಥಿಕ ಮಹತ್ವ ಇರಬೇಕು, ಜೊತೆಗೆ ಆ ಕಸುಬು ಬಲ್ಲವನಿಗೆ ಸಹಜವಾಗಿ ಹೊಳೆಯುವಂಥದ್ದು ಆಗಿರಬಾರದು.

1978ರಲ್ಲಿ ಸುಪ್ರೀಂ ಕೋರ್ಟ್ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಂದಿಗೂ ಈ ವಿಷಯದ ಅಳತೆಗೋಲು. ವ್ಯಾಜ್ಯ ಇದ್ದದ್ದು ಪಾತ್ರೆಗಳನ್ನು ಲೇತಿನಲ್ಲಿ ಹಿಡಿದು ತಿರುಗಿಸುವ ಸಾಧನದ ಬಗ್ಗೆ. ವರ್ಕ್‌ಶಾಪಿನಲ್ಲಿ ಯಾವ ಮೇಸ್ತ್ರಿಯೂ ಮಾಡಬಹುದಾದ ಸುಧಾರಣೆಗೆ ಪೇಟೆಂಟ್ ಇಲ್ಲ, ಹಳೆಯ ಭಾಗಗಳನ್ನು ಕೂಡಿಸಿದ್ದರೆ ಆ ಕೂಡಿಕೆಯಿಂದ ಹೊಸ ಫಲ ಬರಬೇಕು ಎಂದಿತು ಕೋರ್ಟು. ನೈಲಾನ್ ಕಾರ್ಡ್ ತೆಗೆದು ಪಾಲಿಯೆಸ್ಟರ್ ಹಾಕಿದ್ದು, ಒಂದು ಸುತ್ತು ಬಟ್ಟೆ ಹೆಚ್ಚಿಗೆ ಸುತ್ತಿದ್ದು, ಗಟ್ಟಿತನ ಐದು ಪಾಯಿಂಟ್ ಏರಿಸಿದ್ದು, ಇವೆಲ್ಲ ವರ್ಕ್‌ಶಾಪ್ ಸುಧಾರಣೆಗಳೇ. ಒಳ್ಳೆಯ ವ್ಯಾಪಾರ, ಪೇಟೆಂಟ್ ಅಲ್ಲ.

ಇದಲ್ಲದೆ 3ನೇ ಸೆಕ್ಷನ್ ಇದೆ. ಬೆಲ್ಟಿನವರಿಗೆ ತಗಲುವುದು ಅದರ ಮೂರು ಕವಲು. 3(ಇ): ಬರೀ ಬೆರಕೆ, ಅಂದರೆ ಸೇರಿಸಿದ ವಸ್ತುಗಳ ಗುಣ ಕೂಡಿ ಬಂದದ್ದು ಬಿಟ್ಟು ಬೇರೇನೂ ಇಲ್ಲದ ಮಿಶ್ರಣ. ರಬ್ಬರ್ ಕಾಂಪೌಂಡಿಗೆ, ಅಂದರೆ ರಬ್ಬರಿಗೆ ಬೇರೆ ವಸ್ತು ಬೆರೆಸಿದ ಮಿಶ್ರಣಕ್ಕೆ, ಬೀಳುವ ಆಕ್ಷೇಪ ಇದು. 3(ಎಫ್): ಗೊತ್ತಿರುವ ಭಾಗಗಳ ಬರೀ ಜೋಡಣೆ, ಒಂದೊಂದೂ ತನ್ನ ಪಾಡಿಗೆ ಹಳೆಯ ಕೆಲಸ ಮಾಡುತ್ತಿರುವುದು. ಬೆಲ್ಟಿನ ರಚನೆಗೆ ಬೀಳುವುದು ಇದು. 3(ಡಿ): ಗೊತ್ತಿರುವ ವಸ್ತುವಿಗೆ ಬರೀ ಹೊಸ ಉಪಯೋಗ. ಕನ್ವೇಯರ್ ಬೆಲ್ಟಿಗೆ ಹಾಕುತ್ತಿದ್ದ ಕಾಂಪೌಂಡನ್ನೇ ವಿ-ಬೆಲ್ಟಿಗೆ ಹಾಕಿದೆವು ಎಂದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

3(ಎಫ್)ನಲ್ಲಿರುವ ‘ತನ್ನ ಪಾಡಿಗೆ’ ಎಂಬ ಮಾತಿನಲ್ಲೇ ಬಿಡುಗಡೆಯ ದಾರಿಯೂ ಇದೆ. ಕಾರ್ಡು ತನ್ನ ಪಾಡಿಗೆ ಎಳೆತ ಹೊರುತ್ತಿದೆ, ನಾರು ತನ್ನ ಪಾಡಿಗೆ ಒತ್ತಡ ಹೊರುತ್ತಿದೆ ಎಂದರೆ ಆಕ್ಷೇಪ ನಿಲ್ಲುತ್ತದೆ. ನಡುವಿನ ಪದರದ ಬಿಗಿ ಇಷ್ಟಿದ್ದರೆ ಮಾತ್ರ ಕಾರ್ಡಿನ ಅಂಟು ಉಳಿಯುತ್ತದೆ, ಹೆಚ್ಚಾದರೂ ಕಡಿಮೆಯಾದರೂ ಹೋಗುತ್ತದೆ ಎಂದು ತೋರಿಸಿದರೆ ಭಾಗಗಳು ಒಂದರ ಮೇಲೊಂದು ಕೆಲಸ ಮಾಡುತ್ತಿವೆ ಎಂದಾಯಿತು.

ಹುಡುಕುವುದು ಎಲ್ಲಿ, ಯಾವ ಪದ ಹಾಕಿ

ಭಾರತದ ಅರ್ಜಿಗಳಿಗೆ ಪೇಟೆಂಟ್ ಕಚೇರಿಯ ಇನ್‌ಪಾಸ್, ಹೊರದೇಶದ್ದಕ್ಕೆ ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್, ಗೂಗಲ್ ಪೇಟೆಂಟ್ಸ್. ಎಲ್ಲವೂ ಪುಕ್ಕಟೆ. ಪದಗಳಿಂದ ಶುರು ಮಾಡಬೇಡಿ, ವರ್ಗೀಕರಣದ ಸಂಖ್ಯೆಯಿಂದ ಶುರು ಮಾಡಿ. ವಿ-ಬೆಲ್ಟು ಎಫ್16ಜಿ 5/00ರಲ್ಲಿದೆ. ಅದರೊಳಗೆ ರಬ್ಬರಿನವು 5/04, ರಬ್ಬರಿಗೆ ಅಂಟಿದ ಬಲವರ್ಧನೆ ಇರುವುವು 5/06, ಬಲವರ್ಧನೆ ನೂಲಿನದಾದರೆ 5/08, ಲೋಹದ್ದಾದರೆ 5/10, ಹಲ್ಲು ಮೊದಲಾದ ವಿಶೇಷ ಮೈ ಇದ್ದರೆ 5/20. ಚಪ್ಪಟೆ ಬೆಲ್ಟು ಎಫ್16ಜಿ 1/00, ಹಲ್ಲಿನ ಟೈಮಿಂಗ್ ಬೆಲ್ಟು 1/28. ತಯಾರಿಕೆಯ ವಿಧಾನ ಬಿ29ಡಿ 29/00ರ ಕೆಳಗೆ, ವಿ-ಬೆಲ್ಟಿನದು 29/10. ಕಾಂಪೌಂಡಿನ ಹೊಸತನವಾದರೆ ಸಿ08ಎಲ್‌ನಲ್ಲೂ ನೋಡಬೇಕು: ಕ್ಲೋರೋಪ್ರೀನ್ ರಬ್ಬರು 11/00, ಇಪಿಡಿಎಂ ರಬ್ಬರು 23/16.

ಈ ಕ್ಷೇತ್ರದ ಹಳೆಯ ಸಾಹಿತ್ಯದಲ್ಲಿ ದೊಡ್ಡ ಪಾಲು ಜಪಾನಿನದು. ಬ್ಯಾಂಡೊ, ಮಿತ್ಸುಬೋಶಿ ಕಂಪನಿಗಳ ಅರ್ಜಿಗಳನ್ನು ತೆರೆಯದೆ ಬೆಲ್ಟಿನ ಹುಡುಕಾಟ ಮುಗಿಯಿತು ಎನ್ನುವಂತಿಲ್ಲ. ಯಂತ್ರಾನುವಾದದಲ್ಲಿ ನಮ್ಮ ಕಾರ್ಡು ‘ಕೋರ್ ವೈರ್’ ಆಗಿ ಬರುತ್ತದೆ, ಅಮೆರಿಕದವರು ‘ಟೆನ್ಸೈಲ್ ಮೆಂಬರ್’ ಎಂದು ಬರೆಯುತ್ತಾರೆ, ಕುಷನ್ ರಬ್ಬರು ‘ಅಡ್ಹೀಷನ್ ರಬ್ಬರ್ ಲೇಯರ್’ ಆಗಿರುತ್ತದೆ. ಎಲ್ಲ ಹೆಸರನ್ನೂ ಹಾಕಿ ನೋಡಿ. ಗೇಟ್ಸ್, ಕಾಂಟಿನೆಂಟಲ್, ನಮ್ಮಲ್ಲಿ ಫೆನ್ನರ್, ಪಿಕ್ಸ್ ಕಂಪನಿಗಳ ಕ್ಯಾಟಲಾಗುಗಳೂ ಹಳೆಯ ಜ್ಞಾನವೇ. ಕ್ಯಾಟಲಾಗಿನ ಚಿತ್ರದಲ್ಲಿ ಪದರ ಕಾಣುತ್ತಿದ್ದರೆ ಅದೇ ಸಾಕ್ಷಿ.

ಸಿಕ್ಕಿದ್ದರಲ್ಲಿ ಹತ್ತಿರದ ನಾಲ್ಕೈದನ್ನು ಆರಿಸಿ ಒಂದು ಪಟ್ಟಿ ಮಾಡಿ. ಎಡಕ್ಕೆ ನಿಮ್ಮ ಬೆಲ್ಟಿನ ಅಂಶಗಳು: ರಬ್ಬರು ಯಾವುದು, ಕಾರ್ಡ್ ಯಾವುದು, ಪದರಗಳ ದಪ್ಪ, ನಾರಿನ ಪ್ರಮಾಣ, ದಿಕ್ಕು. ಬಲಕ್ಕೆ ಒಂದೊಂದು ದಾಖಲೆಗೂ ಒಂದೊಂದು ಅಂಕಣ. ಯಾವ ಸಾಲು ಎಲ್ಲ ಅಂಕಣದಲ್ಲೂ ಖಾಲಿ ಉಳಿಯುತ್ತದೋ ಅದೇ ನಿಮ್ಮ ಹೊಸತನ. ಯಾವ ಸಾಲೂ ಖಾಲಿ ಉಳಿಯದಿದ್ದರೆ ಇಲ್ಲಿಗೇ ನಿಲ್ಲಿಸಿ, ಉಳಿದ ಖರ್ಚು ಮಿಗುತ್ತದೆ.

ಮಾರುವ ಮೊದಲು, ಮಾತಾಡುವ ಮೊದಲು

ಅರ್ಜಿ ಹಾಕುವ ಮುಂಚೆ ಒಂದೇ ಒಂದು ಬೆಲ್ಟು ಬಿಲ್ಲು ಹಾಕಿ ಮಾರಿದರೂ ಅದು ಬಹಿರಂಗ ಬಳಕೆ. ಬೆಲ್ಟನ್ನು ಕತ್ತರಿಸಿದರೆ ಒಳಗಿನದ್ದು ಕಾಣುತ್ತದಲ್ಲ. ನಾಳೆ ಯಾರಾದರೂ ವಿರೋಧ ಸಲ್ಲಿಸಿದರೆ ಆ ಬಿಲ್ಲೇ ಅವರ ಕೈಯ ಆಯುಧ.

ಆದರೆ ಆಲೆಮನೆಯಲ್ಲಿ ಓಡಿಸಿ ನೋಡದೆ ಬೆಲ್ಟು ಸರಿಯಿದೆ ಎಂದು ಹೇಳುವುದು ಹೇಗೆ? ಅದಕ್ಕೆ 32ನೇ ಸೆಕ್ಷನ್ ಒಂದು ಕಿಂಡಿ ಬಿಟ್ಟಿದೆ. ಬರೀ ಪರೀಕ್ಷೆಗಾಗಿ, ಬಹಿರಂಗವಾಗಿ ಓಡಿಸುವುದು ಅನಿವಾರ್ಯವಾಗಿದ್ದಲ್ಲಿ, ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ನೀವೋ ನಿಮ್ಮ ಒಪ್ಪಿಗೆ ಪಡೆದವರೋ ಭಾರತದಲ್ಲಿ ಓಡಿಸಿದ್ದರೆ ಅದು ಹೊಸತನ ಕೆಡಿಸುವುದಿಲ್ಲ. ಇದನ್ನು ನಂಬಿ ಮೈಮರೆಯಬೇಡಿ. ಪರೀಕ್ಷೆಯೇ ಆಗಿತ್ತು ಎಂದು ತೋರಿಸುವ ಭಾರ ನಿಮ್ಮ ಮೇಲೆ ಬರುತ್ತದೆ. ಆಲೆಮನೆ ಮಾಲೀಕರ ಸಹಿ ಇರುವ ಒಂದು ಹಾಳೆ ಇರಲಿ: ಬೆಲ್ಟು ಪರೀಕ್ಷೆಗೆ ಕೊಟ್ಟದ್ದು, ದುಡ್ಡು ಪಡೆದಿಲ್ಲ, ಪರೀಕ್ಷೆ ಮುಗಿದ ಮೇಲೆ ವಾಪಸು ಕೊಡಬೇಕು, ಬೇರೆಯವರಿಗೆ ತೋರಿಸಬಾರದು. ಹಾಕಿದ ತಾರೀಕು, ತೆಗೆದ ತಾರೀಕು, ಓಡಿದ ಗಂಟೆ ಬರೆದಿಡಿ. ಹರಿದ ಬೆಲ್ಟನ್ನೂ ಬಿಡಬೇಡಿ, ವಾಪಸು ತನ್ನಿ. ಇದಕ್ಕಿಂತ ನೆಮ್ಮದಿಯ ದಾರಿ ಎಂದರೆ ಮೊದಲು ಪ್ರೊವಿಷನಲ್ ಅರ್ಜಿ, ಅಂದರೆ ತಾರೀಕು ಕಾಯ್ದಿರಿಸುವ ತಾತ್ಕಾಲಿಕ ಅರ್ಜಿ, ಹಾಕಿ, ಆಮೇಲೆ ಗಾಣಕ್ಕೆ ಏರಿಸುವುದು.

ಕಾಲೇಜಿನ ಜೊತೆ ಕೆಲಸ ಮಾಡುವವರು ಇನ್ನೊಂದು ಕಡೆ ಎಡವುತ್ತಾರೆ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯಾದ ಸಿಪೆಟ್‌ನ ಕೇಂದ್ರವಿದೆ, ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಭಾಗವೇ ಇದೆ. ಊರಲ್ಲೇ ಇಂಥ ಅನುಕೂಲ ಇರುವುದು ನಮ್ಮ ಪುಣ್ಯ. ಆದರೆ ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿ ಗ್ರಂಥಾಲಯ ಸೇರಿ ಯಾರು ಬೇಕಾದರೂ ಓದುವಂತಾದರೆ ಅದು ಪ್ರಕಟಣೆ. ಪೋಸ್ಟರ್ ಸ್ಪರ್ಧೆಯಲ್ಲಿ ತೂಗುಹಾಕಿದ ಅಡ್ಡ ಕೊಯ್ತದ ಚಿತ್ರವೂ ಅಷ್ಟೆ. ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೆ, ಸರ್ಕಾರ ಗೆಜೆಟ್ಟಿನಲ್ಲಿ ಸೂಚಿಸಿದ ಪ್ರದರ್ಶನಕ್ಕೆ 31ನೇ ಸೆಕ್ಷನ್ 12 ತಿಂಗಳ ರಿಯಾಯಿತಿ ಕೊಡುತ್ತದೆ. ಸಾಮಾನ್ಯ ವಸ್ತುಪ್ರದರ್ಶನದ ಮಳಿಗೆ ಅದರಲ್ಲಿ ಸೇರುವುದಿಲ್ಲ. ಮಾದರಿ ಕಳಿಸುವ ಮುಂಚೆ ಗೋಪ್ಯತೆಯ ಪತ್ರ, ಹಕ್ಕು ಯಾರದು ಎಂಬ ಪತ್ರ ಎರಡಕ್ಕೂ ಸಹಿ ಆಗಿರಲಿ. ಆವಿಷ್ಕಾರ ಮಾಡಿದ ನೌಕರ, ವಿದ್ಯಾರ್ಥಿ, ಪ್ರಾಧ್ಯಾಪಕರ ಹೆಸರು ಅರ್ಜಿಯಲ್ಲಿ ಬರಲೇಬೇಕು. ಹಕ್ಕು ಕಂಪನಿಗೆ ಬಂದಿದೆ ಎಂಬುದಕ್ಕೆ ಪುರಾವೆಯನ್ನು ಅರ್ಜಿ ಹಾಕಿದ ಆರು ತಿಂಗಳೊಳಗೆ ಕೊಡಬೇಕು.

ಹೋಲಿಕೆಯ ಬೆಲ್ಟುಗಳು

ಅರ್ಜಿ ನಿಲ್ಲುವುದೂ ಬೀಳುವುದೂ ಇಲ್ಲಿ. ನಮ್ಮ ಉದಾಹರಣೆಯಲ್ಲಿ ಕುಷನ್ ರಬ್ಬರಿಗೂ ಕಂಪ್ರೆಷನ್ ರಬ್ಬರಿಗೂ ನಡುವೆ ಸುಮಾರು 0.8 ಮಿ.ಮೀ. ದಪ್ಪದ ಹೊಸ ಪದರ ಇದೆ ಎಂದಿಟ್ಟುಕೊಳ್ಳಿ. ಕುಷನ್ನಿನಲ್ಲಿ ನಾರಿಲ್ಲ. ಕಂಪ್ರೆಷನ್ನಿನಲ್ಲಿ ನೂರು ಭಾಗ ರಬ್ಬರಿಗೆ 18 ಭಾಗ ಅರಾಮಿಡ್ ಎಂಬ ಗಟ್ಟಿ ಕೃತಕ ನಾರು. ನಡುವಿನ ಪದರದಲ್ಲಿ 6 ಭಾಗ. ಬಿಗಿತನ ಒಮ್ಮೆಗೇ ಜಿಗಿಯದೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಹೊಸ ಬೆಲ್ಟು ಮತ್ತು ಪೇಟೆಯ ಬೆಲ್ಟು, ಈ ಎರಡನ್ನೇ ಹೋಲಿಸಿದರೆ ಉಪಯೋಗವಿಲ್ಲ. ಪೇಟೆಯ ಬೆಲ್ಟಿನ ರಬ್ಬರೇ ಬೇರೆ, ಕಾರ್ಡೇ ಬೇರೆ, ವ್ಯತ್ಯಾಸ ಯಾವುದರಿಂದ ಬಂತೋ ಹೇಳಲಾಗದು. ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಇರುವ ಬೆಲ್ಟುಗಳು ಬೇಕು. ನಡುವಿನ ಪದರವಿಲ್ಲದ್ದು; ಪದರವಿದ್ದು ಅದರಲ್ಲಿ ನಾರಿಲ್ಲದ್ದು; ಪದರದಲ್ಲಿ ನಾರು 2, 4, 6, 8, 12 ಭಾಗ ಇರುವುವು; ಮತ್ತೆ 6 ಭಾಗವೇ, ಆದರೆ ನಾರು ಉದ್ದಕ್ಕೆ ಮಲಗಿದ್ದು. ಒಂದೊಂದರಲ್ಲೂ ಕಡಿಮೆಯೆಂದರೆ ಮೂರು ಬೆಲ್ಟು. ಎಲ್ಲವೂ ಒಂದೇ ಬ್ಯಾಚಿನ ಮಾಸ್ಟರ್ ರಬ್ಬರಿನಿಂದ, ಒಂದೇ ಕಾರ್ಡ್ ರೋಲಿನಿಂದ, ಒಂದೇ ಕ್ಯೂರಿಂಗ್ (ರಬ್ಬರನ್ನು ಕಾಯಿಸಿ ಗಟ್ಟಿ ಮಾಡುವ) ಉಷ್ಣತೆ ಮತ್ತು ಸಮಯದಲ್ಲಿ ಆಗಬೇಕು. ಕಾರ್ಡಿನ ಡಿಪ್ಪಿಂಗ್, ಅಂದರೆ ರಬ್ಬರು ಅಂಟಲೆಂದು ಕಾರ್ಡನ್ನು ದ್ರಾವಣದಲ್ಲಿ ಅದ್ದುವುದು, ಬದಲಾದರೆ ಇಡೀ ಲೆಕ್ಕ ಹಾಳು. ರಿಸಾರ್ಸಿನಾಲ್ ಫಾರ್ಮಾಲ್ಡಿಹೈಡ್ ಲೇಟೆಕ್ಸ್ ದ್ರಾವಣ ಇಟ್ಟಷ್ಟೂ ಬಲಿಯುತ್ತದೆ. ಮೊನ್ನೆಯ ದ್ರಾವಣದಲ್ಲಿ ಅದ್ದಿದ ಕಾರ್ಡೂ ಇವತ್ತಿನದೂ ಒಂದೇ ಅಲ್ಲ. ಇಪಿಡಿಎಂ ಬಳಸುವವರಿಗೆ ಇನ್ನೂ ಜಾಗ್ರತೆ ಬೇಕು. ಆ ರಬ್ಬರಿಗೆ ಸಾದಾ ಡಿಪ್ ಸರಿಯಾಗಿ ಹಿಡಿಯುವುದಿಲ್ಲ, ಮೇಲೊಂದು ಅಂಟಿನ ಲೇಪ ಬೇಕಾಗುತ್ತದೆ. ಅದರ ದಪ್ಪ ಏರುಪೇರಾದರೆ ನಡುವಿನ ಪದರದ ಪರಿಣಾಮ ಅದರಲ್ಲೇ ಮುಳುಗಿಹೋಗುತ್ತದೆ.

ಅಳೆಯಬೇಕಾದ್ದು ನಾಲ್ಕು. ಪದರಗಳ ಹಾಳೆಯನ್ನು ಬೇರೆ ಬೇರೆ ಕ್ಯೂರ್ ಮಾಡಿ, ನಾರಿನ ದಿಕ್ಕಿಗೆ 10 ಶೇಕಡಾ ಎಳೆದಾಗಿನ ಬಲ. ಕಾರ್ಡನ್ನು ರಬ್ಬರಿನಿಂದ ಕೀಳಲು ಬೇಕಾಗುವ ಬಲ, ಹೊಸದರಲ್ಲಿ ಮತ್ತು ಓವನ್ನಿನಲ್ಲಿ ಇಟ್ಟು ತೆಗೆದ ಮೇಲೆ. ಶೋರ್ ಎ ಮಾಪಕದಲ್ಲಿ ರಬ್ಬರಿನ ಗಟ್ಟಿತನ. ಕೊನೆಯದಾಗಿ ಓಟದ ಪರೀಕ್ಷೆ: ಎರಡು ಪುಲ್ಲಿಗಳ ವ್ಯಾಸ, ಆರ್‌ಪಿಎಂ, ಬೆಲ್ಟಿನ ಮೇಲಿನ ಭಾರ, ಕೋಣೆಯ ಉಷ್ಣತೆ, ಎಷ್ಟು ಗಂಟೆಗೆ ಯಾವ ರೀತಿ ಹಾಳಾಯಿತು. ರಬ್ಬರಿನ ಪರೀಕ್ಷೆಗೆ ಐಎಸ್ 3400ರ ಭಾಗಗಳಿವೆ, ಕೈಗಾರಿಕಾ ವಿ-ಬೆಲ್ಟಿನ ಅಳತೆಗೆ ಐಎಸ್ 2494 ಇದೆ. ಯಾವುದನ್ನು ಅನುಸರಿಸಿದಿರಿ ಎಂದು ಅರ್ಜಿಯಲ್ಲಿ ಬರೆಯಿರಿ. ಹೇಗೆ ಅಳೆದಿರಿ ಎಂದು ಹೇಳದ ಅಂಕಿ ಪರೀಕ್ಷಕರ ಮುಂದೆ ಅಂಕಿಯೇ ಅಲ್ಲ.

ಫಲಿತಾಂಶ ಓದುವ ರೀತಿ ಹೀಗೆ. ಪದರದಿಂದ ಮಾತ್ರ 20 ಶೇಕಡಾ ಲಾಭ, ನಾರಿನಿಂದ ಮಾತ್ರ 15, ಎರಡೂ ಸೇರಿದಾಗ 35 ಎಂದು ಬಂದರೆ ಅದು ಬರೀ ಕೂಡಿಕೆ, 3(ಇ) ಮತ್ತು 3(ಎಫ್) ಕಾದು ಕೂತಿವೆ. ಸೇರಿದಾಗ 70 ಬಂದರೆ ಮಾತಾಡಲು ವಿಷಯ ಇದೆ. ಅದಕ್ಕಿಂತಲೂ ಗಟ್ಟಿಯಾದದ್ದು 4ರಿಂದ 8 ಭಾಗದವರೆಗೆ ಏರಿ, 12ಕ್ಕೆ ಮತ್ತೆ ಇಳಿಯುವ ಗ್ರಾಫ್. ನಾರು ಹೆಚ್ಚಿದಷ್ಟೂ ಒಳ್ಳೆಯದು ಎಂದೇ ಕಸುಬಿನವನು ಊಹಿಸುತ್ತಿದ್ದ. ಹಾಗಲ್ಲ ಎಂದು ತೋರಿಸಿದ್ದು ನಿಮ್ಮ ಪರೀಕ್ಷೆ. ಇಳಿದದ್ದೇಕೆ ಎಂಬ ಕಾರಣವನ್ನೂ ಬರೆಯಿರಿ: ಪದರ ತೀರ ಬಿಗಿಯಾಗಿ ಒತ್ತಡದ ಜಿಗಿತ ಈಗ ಕಾರ್ಡಿನ ಬುಡಕ್ಕೇ ಬಂತು ಎಂದೋ, ಮತ್ತೊಂದೋ. ಕೆಟ್ಟ ಫಲಿತಾಂಶ ಬಂದ ಬೆಲ್ಟುಗಳನ್ನು ಅರ್ಜಿಯಿಂದ ಬಿಡುವ ಅಭ್ಯಾಸ ಹಲವರಿಗಿದೆ. ಅದು ತಪ್ಪು ಜಾಣತನ. ಆ ಬೆಲ್ಟುಗಳೇ ನಿಮ್ಮ ಸಾಕ್ಷಿಗಳು.

ಕ್ಲೇಮ್ ಬರೆಯುವಾಗ

ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು. ಕ್ಲೇಮ್ ಎಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಎಂದು ಹೇಳುವ ವಾಕ್ಯ. ಮೊದಲ ಕ್ಲೇಮಿನ ಹುರುಳು ಕನ್ನಡದಲ್ಲಿ ಹೀಗಿರುತ್ತದೆ:

ಉದ್ದಕ್ಕೆ ಹಾಸಿದ ಕಾರ್ಡುಗಳು, ಆ ಕಾರ್ಡುಗಳನ್ನು ಹಿಡಿದಿರುವ ಕುಷನ್ ರಬ್ಬರ್ ಪದರ, ಬೆಲ್ಟಿನ ಅಗಲಕ್ಕೆ ಮಲಗಿಸಿದ ಚಿಕ್ಕ ನಾರುಗಳಿರುವ ಕಂಪ್ರೆಷನ್ ರಬ್ಬರ್ ಪದರ ಉಳ್ಳ, ಪಕ್ಕ ಕತ್ತರಿಸಿದ ವಿ-ಬೆಲ್ಟು. ಅದರಲ್ಲಿ ಕುಷನ್ ಮತ್ತು ಕಂಪ್ರೆಷನ್ ಪದರಗಳ ನಡುವೆ 0.5ರಿಂದ 1.2 ಮಿ.ಮೀ. ದಪ್ಪದ ನಡುಪದರವಿದ್ದು, ಆ ನಡುಪದರದಲ್ಲಿ ನೂರು ಭಾಗ ರಬ್ಬರಿಗೆ 4ರಿಂದ 8 ಭಾಗ ನಾರು ಅಗಲಕ್ಕೆ ಮಲಗಿರುತ್ತದೆ, ಮತ್ತು ಆ ಪ್ರಮಾಣ ಕಂಪ್ರೆಷನ್ ಪದರದ ಪ್ರಮಾಣದ ಅರ್ಧಕ್ಕಿಂತ ಕಡಿಮೆ ಇರುತ್ತದೆ.

ಇದರಲ್ಲಿ ‘ಹೆಚ್ಚು ಬಾಳಿಕೆ ಬರುವ’, ‘ಉತ್ತಮ ಗುಣಮಟ್ಟದ’ ಎಂಬ ಮಾತೇ ಇಲ್ಲ, ಗಮನಿಸಿ. ಬಾಳಿಕೆ ಫಲ, ಕ್ಲೇಮಿನಲ್ಲಿ ಬೇಕಾದ್ದು ರಚನೆ. ನಂತರದ ಕ್ಲೇಮುಗಳು ಒಂದೊಂದೇ ಮೆಟ್ಟಿಲು ಕಿರಿದಾಗುತ್ತ ಹೋಗಲಿ: ದಪ್ಪ 0.7ರಿಂದ 0.9, ನಾರು 5ರಿಂದ 7 ಭಾಗ, ನಾರು ಅರಾಮಿಡ್, ಉದ್ದ ಇಷ್ಟರಿಂದ ಇಷ್ಟು, ರಬ್ಬರು ಕ್ಲೋರೋಪ್ರೀನ್ ಅಥವಾ ಇಪಿಡಿಎಂ. ಮುಂದೆ ಪರೀಕ್ಷಕರು ಹಳೆಯ ದಾಖಲೆ ತೋರಿಸಿದಾಗ ಹಿಂದೆ ಸರಿದು ನಿಲ್ಲಲು ಈ ಮೆಟ್ಟಿಲುಗಳೇ ಗತಿ. 59ನೇ ಸೆಕ್ಷನ್ ಪ್ರಕಾರ ಆಮೇಲೆ ಹೊಸ ವಿಷಯ ಸೇರಿಸುವಂತಿಲ್ಲ. ಬರೆದಿದ್ದರಲ್ಲಿ ಕಡಿಮೆ ಮಾಡಬಹುದು, ತಿದ್ದಬಹುದು, ವಿವರಿಸಬಹುದು ಅಷ್ಟೆ.

ಪ್ರತಿಸ್ಪರ್ಧಿಯ ಬೆಲ್ಟನ್ನು ಅಂಗಡಿಯಿಂದ ತಂದು ಕತ್ತರಿಸಿದಾಗ ಕ್ಲೇಮಿನ ಪ್ರತಿ ಅಂಶವನ್ನೂ ಅಳೆಯಲು ಆಗಬೇಕು. ಪದರದ ದಪ್ಪ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ನೂರಕ್ಕೆ ಇಷ್ಟು ಭಾಗ ನಾರು ಎಂಬುದನ್ನು 0.8 ಮಿ.ಮೀ. ಪದರದಿಂದ ಬಿಡಿಸಿ ತೆಗೆಯುವುದು ಕಷ್ಟ. ಆದ್ದರಿಂದ ಬೆಲ್ಟಿನ ಪಕ್ಕದ ಮೈಯಲ್ಲಿ ಒಂದು ಚದರ ಮಿಲಿಮೀಟರಿಗೆ ಎಷ್ಟು ನಾರಿನ ತುದಿ ಕಾಣುತ್ತದೆ, ನಡುಪದರದಲ್ಲಿ ಎಷ್ಟು, ಕಂಪ್ರೆಷನ್ನಿನಲ್ಲಿ ಎಷ್ಟು, ಅನುಪಾತ ಎಷ್ಟು ಎಂಬುದನ್ನೂ ಎಣಿಸಿ ಒಂದು ಕ್ಲೇಮಾಗಿ ಹಾಕಿ. ಮೊದಲು ಹೇಳಿದ ಚುಕ್ಕಿಗಳು ಉಪಯೋಗಕ್ಕೆ ಬರುವುದು ಇಲ್ಲಿ.

ತಯಾರಿಕೆಯ ವಿಧಾನಕ್ಕೂ ಕ್ಲೇಮ್ ಹಾಕಬಹುದು. ಆದರೆ ಪಕ್ಕದ ಕಾರ್ಖಾನೆಯ ಬಾಗಿಲೊಳಗೆ ಏನು ನಡೆಯುತ್ತಿದೆ ಎಂದು ತೋರಿಸುವುದು ಸುಲಭವಲ್ಲ. ಬೆಲ್ಟಿನಲ್ಲಿ ಗುರುತು ಉಳಿಸದ ವಿಧಾನವನ್ನು, ಕ್ಯೂರಿಂಗನ್ನು ಬೇಗ ಮಾಡಿಸುವ ಆಕ್ಸಿಲರೇಟರುಗಳ ಪ್ರಮಾಣವನ್ನು ಗುಟ್ಟಾಗಿ ಇಟ್ಟುಕೊಳ್ಳುವುದೇ ಎಷ್ಟೋ ಸಲ ಲೇಸು. ಹಾಗಂತ ಕ್ಲೇಮ್ ಮಾಡಿದ ಬೆಲ್ಟನ್ನು ಮಾಡಲು ಬೇಕಾದ್ದನ್ನು ಮುಚ್ಚಿಡುವಂತಿಲ್ಲ. ನಿಮಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನು ಬರೆಯಲೇಬೇಕು ಎನ್ನುತ್ತದೆ 10ನೇ ಸೆಕ್ಷನ್. ರಾಸಾಯನಿಕಗಳ ಬ್ರ್ಯಾಂಡ್ ಹೆಸರು ಮಾತ್ರ ಬರೆದರೂ ಸಾಲದು, ಒಳಗಿನ ವಸ್ತು ಯಾವುದೆಂದು ಹೇಳಿ.

ಅರ್ಜಿ, ಶುಲ್ಕ, ಗಡುವು

ಕರ್ನಾಟಕದವರು ಅರ್ಜಿ ಹಾಕುವುದು ಚೆನ್ನೈ ಕಚೇರಿಗೆ, ಆನ್‌ಲೈನ್‌ನಲ್ಲಿ. ವಿಚಾರಣೆ ಕೂಡ ವಿಡಿಯೊ ಮೂಲಕ. ಮೈಸೂರಿನಿಂದ ರೈಲು ಹತ್ತುವ ಅಗತ್ಯ ಬೀಳದು. ನಮೂನೆ 1 ಅರ್ಜಿ, ನಮೂನೆ 2 ವಿವರಣೆ, ನಮೂನೆ 3 ಹೊರದೇಶದ ಅರ್ಜಿಗಳ ಮಾಹಿತಿ, ನಮೂನೆ 5 ಆವಿಷ್ಕಾರಕರ ಘೋಷಣೆ, ಸಣ್ಣ ಘಟಕವಾದರೆ ಉದ್ಯಮ್ ನೋಂದಣಿಯ ಜೊತೆ ನಮೂನೆ 28.

ವ್ಯಕ್ತಿಗಳಿಗೆ, ಸ್ಟಾರ್ಟಪ್ಪಿಗೆ, ಸಣ್ಣ ಘಟಕಕ್ಕೆ ಅರ್ಜಿ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗೆ 8,000. 30 ಪುಟ ಮೀರಿದರೆ ಪುಟಕ್ಕೆ 160, 10 ಕ್ಲೇಮ್ ಮೀರಿದರೆ ಕ್ಲೇಮಿಗೆ 320. ಅರ್ಜಿಯನ್ನು ಪರೀಕ್ಷಿಸಲು ಕೋರುವ ನಮೂನೆ 18ಕ್ಕೆ 4,000. 36 ಪುಟ, 14 ಕ್ಲೇಮಿನ ಅರ್ಜಿಗೆ 1,600 ಜೊತೆ 960, 1,280, 4,000 ಸೇರಿ 7,840 ರೂಪಾಯಿ. ಏಜೆಂಟರ ಫೀಸು ಬೇರೆ. ಬೇಗ ಆಗಬೇಕಾದರೆ ಸಣ್ಣ ಘಟಕದವರೂ ಮಹಿಳಾ ಅರ್ಜಿದಾರರೂ ನಮೂನೆ 18ಎ ಹಾಕಬಹುದು, 8,000. ಅದರ ಜೊತೆ ಬೇಗ ಪ್ರಕಟಿಸಲು ನಮೂನೆ 9, ಇನ್ನೊಂದು 2,500.

ಪ್ರೊವಿಷನಲ್ ಹಾಕಿದವರು 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ತಪ್ಪಿದರೆ ಅರ್ಜಿ ಸತ್ತಂತೆ. ಪ್ರೊವಿಷನಲ್ಲಿನಲ್ಲಿ ಎರಡು ಪ್ಯಾರಾ ಬರೆದು ಕೈತೊಳೆದುಕೊಳ್ಳಬೇಡಿ. ನಡುಪದರದ ದಪ್ಪ, ನಾರಿನ ವ್ಯಾಪ್ತಿ ಅದರಲ್ಲಿ ಇಲ್ಲದಿದ್ದರೆ ಆ ಕ್ಲೇಮಿಗೆ ಹಳೆಯ ತಾರೀಕು ಸಿಗುವುದಿಲ್ಲ, ನಡುವೆ ಮಾರಿದ ಬೆಲ್ಟೇ ನಿಮ್ಮ ಕಾಲಿಗೆ ತೊಡರುತ್ತದೆ. ನಮೂನೆ 18ರ ಗಡುವು 2024ರ ಮಾರ್ಚ್ ತಿದ್ದುಪಡಿಯ ನಂತರದ ಅರ್ಜಿಗಳಿಗೆ 31 ತಿಂಗಳು, ಮೊದಲು 48 ಇತ್ತು. ಹಳೆಯ ಲೆಕ್ಕ ಹಿಡಿದು ಕೂತರೆ ಕೈತಪ್ಪುತ್ತದೆ. ಹೊರದೇಶದಲ್ಲಿ ಹಾಕುವ ಆಲೋಚನೆ ಇದ್ದರೆ ಇಲ್ಲಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಮೊದಲೇ ಅನುಮತಿ ಪಡೆಯಬೇಕು.

ಮೊದಲ ಪರೀಕ್ಷಾ ವರದಿ ಬಂದಾಗ

ವರದಿ ಬಂದ ದಿನದಿಂದ ಉತ್ತರಕ್ಕೆ ಆರು ತಿಂಗಳು, ನಮೂನೆ 4 ಹಾಕಿದರೆ ಇನ್ನೂ ಮೂರು. ಬೆಲ್ಟಿಗೆ ಬರುವ ವರದಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ದಾಖಲೆ ಕೂಡಿಸಿ ‘ಇವನ್ನು ಸೇರಿಸುವುದು ಕಸುಬಿನವನಿಗೆ ಸಹಜ’ ಎಂದಿರುತ್ತದೆ. ಒಂದೊಂದು ದಾಖಲೆಯನ್ನೂ ಬಿಡಿಬಿಡಿಯಾಗಿ ಇದು ನಮ್ಮದಲ್ಲ ಎಂದು ತಳ್ಳಿದರೆ ಪ್ರಯೋಜನವಿಲ್ಲ, ಆಕ್ಷೇಪ ಇರುವುದು ಕೂಡಿಕೆಯ ಮೇಲೆ. ಮೊದಲನೆಯ ದಾಖಲೆಯ ಬೆಲ್ಟಿಗೆ ಎರಡನೆಯದರ ನಾರಿನ ಪದರ ಹಾಕಿದರೆ ಎಷ್ಟು ಭಾಗ ನಾರು ಬರುತ್ತದೆ ನೋಡಿ. 15 ಬರುತ್ತಿದ್ದರೆ ಅಂಥದ್ದು ನಿಮ್ಮ 12 ಭಾಗದ ಬೆಲ್ಟಿನಂತೆ ಕೆಡುವ ಕಡೆಗೇ ಹೋಗುತ್ತದೆ ಎಂದು ಗ್ರಾಫ್ ತೋರಿಸಿ. ಆ ಕೂಡಿಕೆಯನ್ನೇ ನಿಜವಾಗಿ ಮಾಡಿ, ಓಡಿಸಿ, ಫಲಿತಾಂಶವನ್ನು ಅಫಿಡವಿಟ್ಟಿನಲ್ಲಿ ಕೊಟ್ಟರೆ ಇನ್ನೂ ಗಟ್ಟಿ. ಇಂಥ ಪುರಾವೆಯನ್ನು ನಂತರವೂ ಕೊಡಬಹುದು, ವಿವರಣೆಯೊಳಗೆ ಸೇರಿಸುವಂತಿಲ್ಲ ಅಷ್ಟೆ.

ಪ್ರಕಟವಾದ ಮೇಲೆ, ಮಂಜೂರಾಗುವ ಮುಂಚೆ, ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಮಂಜೂರಾದ ಮೇಲೆ ಒಂದು ವರ್ಷ ಹಿತಾಸಕ್ತಿ ಇರುವವರಿಗೆ ಅವಕಾಶ. ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಸಣ್ಣ ಘಟಕಕ್ಕೆ ನವೀಕರಣ ಶುಲ್ಕ 3ನೇ ವರ್ಷದಿಂದ 6ನೆಯದರವರೆಗೆ ವರ್ಷಕ್ಕೆ 800 ರೂಪಾಯಿ, 10ನೆಯದರವರೆಗೆ 2,400, ಆಮೇಲೆ 4,800, ಕೊನೆಯ ಐದು ವರ್ಷ 8,000. ಪೇಟೆಂಟನ್ನು ಬಳಸುತ್ತಿದ್ದೀರಾ ಎಂಬ ನಮೂನೆ 27 ಈಗ ಮೂರು ಹಣಕಾಸು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಅದೇ ನಡುಪದರವನ್ನು ಇನ್ನಷ್ಟು ಸುಧಾರಿಸಿದ್ದರೆ ಸೇರ್ಪಡೆ ಪೇಟೆಂಟ್, ಅಂದರೆ ಪೇಟೆಂಟ್ ಆಫ್ ಅಡಿಷನ್, ಕೇಳಿ. ಅದಕ್ಕೆ ಬೇರೆ ನವೀಕರಣ ಶುಲ್ಕವಿಲ್ಲ. ಮೂಲ ಪೇಟೆಂಟಿಗೆ ಹೋಲಿಸಿ ಆವಿಷ್ಕಾರದ ಹೆಜ್ಜೆ ಇಲ್ಲ ಎಂದು ಅದನ್ನು ತಳ್ಳಿಹಾಕುವಂತಿಲ್ಲ, ಆದರೆ ಮೂಲದ ಅವಧಿ ಮುಗಿದ ದಿನವೇ ಅದರದ್ದೂ ಮುಗಿಯುತ್ತದೆ.